ಶಾವಿಗೆ ರವಿಯ ಮನೆಗೆ ಮಷೀನು ಬಂದದ್ದು

ಸಾಲಿಗ್ರಾಮ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ರವಿಚಂದ್ರ ಶೆಟ್ಟರಿಗೆ ನೆಂಟರ ನಡುವೆ ಬೇರೆಯೇ ಒಂದು ಹೆಸರಿದೆ. ಶಾವಿಗೆ ರವಿ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಅವರ ಬಂಧುಗಳ ಯಾವ ಮನೆಯಲ್ಲಿ ಶಾವಿಗೆ ಮಾಡುವುದಿದ್ದರೂ ಮೊದಲು ಅಕ್ಕಿ ನೆನೆಹಾಕುತ್ತಿದ್ದರು, ಆಮೇಲೆ ರವಿಗೆ ಫೋನು ಮಾಡುತ್ತಿದ್ದರು. ಹುಷಾರಿನವರು ಮೊದಲು ಫೋನು ಮಾಡಿ, ಅವರು ಬರುತ್ತೇನೆಂದ ಮೇಲೆಯೇ ಅಕ್ಕಿ ನೆನೆಹಾಕುತ್ತಿದ್ದರು.

ಈ ಕಡೆಯ ಶಾವಿಗೆ ಪೊಟ್ಟಣದಲ್ಲಿ ಸಿಗುವಂಥದ್ದಲ್ಲ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ಮಗುಚಿ ಮುದ್ದೆ ಮಾಡಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಒತ್ತಬೇಕು. ಒತ್ತುವುದು ಮೂರು ಕಾಲಿನ ಹಿತ್ತಾಳೆ ಮಣೆಯಲ್ಲಿ. ಉಂಡೆಯನ್ನು ಅದರ ಕೊಳವೆಗೆ ಹಾಕಿ, ಮೇಲಿನ ತಿರುಪನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರೆ ಅಡಿಯ ತೂತುಗಳಿಂದ ಎಳೆ ಇಳಿಯುತ್ತದೆ. ಕೆಳಗೆ ಕೂತ ಇನ್ನೊಬ್ಬರು ಬಾಳೆಲೆ ಹಾಸಿದ ತಟ್ಟೆಯನ್ನು ತಿರುಗಿಸುತ್ತ ಆ ಎಳೆಯನ್ನು ಸುರುಳಿಯಾಗಿ ಹಿಡಿಯಬೇಕು.

ರವಿಚಂದ್ರರ ಮನೆಯಲ್ಲಿ ಮೂವತ್ತೊಂದು ವರ್ಷಗಳಿಂದ ಒತ್ತುವವರು ಅವರು, ತಟ್ಟೆ ತಿರುಗಿಸುವವರು ಹೆಂಡತಿ ಸ್ವರ್ಣಲತಾ. ಒತ್ತುವಾಗ ರವಿಚಂದ್ರರಿಗೆ ಒಂದು ಗತ್ತು ಬರುತ್ತಿತ್ತು. ಲುಂಗಿ ಎತ್ತಿ ಕಟ್ಟಿ, ಬನಿಯನ್ನಿನಲ್ಲಿ ಕಾಲಗಲಿಸಿ ನಿಂತು, ಉಸಿರು ಬಿಗಿಹಿಡಿದು ತಿರುಪನ್ನು ಒಂದೇ ಸಮನೆ ಇಳಿಸುತ್ತಿದ್ದರು. ಸುತ್ತ ನಿಂತ ಹೆಂಗಸರು "ಸಾಕ್ ಮಾರಾಯ್ರೆ, ಮಣಿ ಮುರ್ದ್ ಹೋತ್ತ್" ಎನ್ನಬೇಕು. ಯಾರೂ ಅನ್ನದಿದ್ದರೆ ಅವರಿಗೆ ಶಾವಿಗೆ ರುಚಿಸುತ್ತಿರಲಿಲ್ಲ.

ಕಳೆದ ದೀಪಾವಳಿಯ ನಂತರ ಅವರ ಬಲ ಭುಜ ಹಿಡಿದುಕೊಂಡಿತು. ಅಂಗಡಿಯಲ್ಲಿ ಮೇಲಿನ ಹಲಗೆಯ ಕುಕ್ಕರ್ ತೆಗೆಯಲು ಕೈ ಎತ್ತಿದರೆ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಕುಂದಾಪುರದ ಡಾಕ್ಟರು ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಹೇಳಿಕೊಟ್ಟು, ಭಾರದ ಕೆಲಸ ಸದ್ಯಕ್ಕೆ ಬೇಡ ಎಂದರು. ಶಾವಿಗೆ ಒತ್ತುವುದು ಭಾರದ ಕೆಲಸವೋ ಅಲ್ಲವೋ ಎಂದು ರವಿಚಂದ್ರರು ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತಿತ್ತು. ಕರೆದ ನೆಂಟರಿಗೆಲ್ಲ "ಒಂದ್ ತಿಂಗ್ಳ್ ಹೋಯ್ಲಿ, ಬತ್ತೆ" ಎನ್ನುತ್ತ ಎಂಟು ತಿಂಗಳು ಕಳೆದರು. ಕರೆಗಳು ಒಂದೊಂದಾಗಿ ನಿಂತವು. ಕೋಟದ ಸೋದರತ್ತೆಯ ಮನೆಯವರು ಅಡುಗೆಯವರಿಗೆ ಹೇಳಿ ಶಾವಿಗೆ ತರಿಸಿದರಂತೆ ಎಂಬ ಸುದ್ದಿ ಬಂದ ಮಧ್ಯಾಹ್ನ ಅವರು ಅರ್ಧ ಊಟಕ್ಕೇ ಎದ್ದರು. ಭುಜದ ನೋವನ್ನು ಹೇಳಿಕೊಳ್ಳಬಹುದಿತ್ತು. ತಾನಿಲ್ಲದೆಯೂ ಊರಿನಲ್ಲಿ ಶಾವಿಗೆ ಆಗುತ್ತದೆ ಎಂಬ ನೋವನ್ನು ಯಾರಿಗೆ ಹೇಳುವುದು?

ಮಷೀನು ಬಂದದ್ದು ಜುಲೈಯ ಒಂದು ಗುರುವಾರ, ಅದೂ ಅಂಗಡಿಯ ವಿಳಾಸಕ್ಕೆ. ಕೊರಿಯರ್‌ನವನು ಪೆಟ್ಟಿಗೆಯನ್ನು ಸ್ಟೀಲ್ ಬಿಂದಿಗೆಗಳ ನಡುವೆ ಇಟ್ಟು ಹೋದ. ಪೆಟ್ಟಿಗೆಯ ಮೇಲೆ ಅಡುಗೆ ಸಾಮಾನಿನ ಚಿತ್ರ ಕಂಡ ಪಕ್ಕದ ಮೊಬೈಲ್ ಅಂಗಡಿಯ ಅಶೋಕ್‌ಗೆ ಅಷ್ಟೇ ಸಾಕಾಯಿತು.

"ಹ್ವಾಯ್ ಶೆಟ್ರೆ, ಪಾತ್ರೆ ಅಂಗ್ಡಿಯವ್ರೇ ಆನ್‌ಲೈನಲ್ ಪಾತ್ರೆ ತರ್ಸೂಕ್ ಶುರು ಮಾಡಿದ್ರ್ಯಾ? ನಾವ್ ಇನ್ ಎಲ್ಲಿಗ್ ಹೋಪುದ್?"

"ಮಗ್ಳ್ ತರ್ಸಿದ್ದ್ ಮಾರಾಯ. ಎಂತದೋ ಗೊತ್ತಿಲ್ಲೆ," ಎಂದರು ರವಿಚಂದ್ರ. ಗೊತ್ತಿಲ್ಲದೆ ಏನು. ಚಿತ್ರದಲ್ಲಿ ಒಂದು ಕೈ, ಕೈಯಲ್ಲಿ ಪಿಸ್ತೂಲಿನಂಥ ಯಂತ್ರ, ಅದರ ತುದಿಯಿಂದ ಬಿಳಿ ಎಳೆಗಳು ಇಳಿಯುತ್ತಿದ್ದವು.

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದವಳು ಮಗಳು ಸೌಮ್ಯಶ್ರೀ. ಅವಳು ಬ್ರಹ್ಮಾವರದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬ್ಯಾಟರಿಯ ಮಷೀನು, ಕೊಳವೆಗೆ ಹಿಟ್ಟು ತುಂಬಿ ಗುಂಡಿ ಒತ್ತಿದರೆ ಸಾಕು, ಅದೇ ತಳ್ಳುತ್ತದೆ ಎಂದು ವಿವರಿಸಿದಳು.

"ನಮ್ಮನಿಯಲ್ ಮಣಿ ಇಲ್ಯಾ?" ರವಿಚಂದ್ರ ಕೇಳಿದರು.

"ಮಣಿ ಇತ್ತ್. ಒತ್ತುವ ಕೈ ಎಲ್ಲಿತ್ತ್?" ಸ್ವರ್ಣಲತಾ ಒಳಗಿನಿಂದಲೇ ಹೇಳಿದರು.

ರವಿಚಂದ್ರ ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಮುಚ್ಚಿದರು. ಸೌಮ್ಯಶ್ರೀಯೇ ತಂದೆಯನ್ನು ಸಮಾಧಾನ ಮಾಡುವ ದನಿಯಲ್ಲಿ, "ಅಪ್ಪಯ್ಯ, ಸರಿ ಆಗ್ದಿದ್ರೆ ಹತ್ತ್ ದಿನದೊಳ್ಗೆ ವಾಪಸ್ ಕಳ್ಸೂಕಾತ್ತ್," ಎಂದಳು.

"ಹೌದಾ?" ಎಂದರು ರವಿಚಂದ್ರ. ಮಷೀನಿನ ಬಗ್ಗೆ ಅವರಿಗೆ ಮೊದಲ ಬಾರಿಗೆ ಆಸಕ್ತಿ ಹುಟ್ಟಿತ್ತು.

ಪರೀಕ್ಷೆ ಭಾನುವಾರಕ್ಕೆ ಗೊತ್ತಾಯಿತು. ಅವತ್ತು ಬೈಂದೂರಿನಿಂದ ರವಿಚಂದ್ರರ ಅಕ್ಕ ಪುಷ್ಪ ಬರುವವರಿದ್ದರು. ಪುಷ್ಪಕ್ಕನಿಗೆ ಅರವತ್ತೆಂಟು. ಮಂಡಿ ನೋವು ಬಿಟ್ಟರೆ ಬೇರೆ ದೂರಿಲ್ಲ, ನಾಲಿಗೆಗಂತೂ ಯಾವ ಕಾಯಿಲೆಯೂ ಇಲ್ಲ. ತಮ್ಮನ ಮನೆಯ ಶಾವಿಗೆ ತಿನ್ನದೆ ಎಂಟು ತಿಂಗಳಾಯಿತೆಂದು ವಾರಕ್ಕೊಮ್ಮೆ ಫೋನಿನಲ್ಲಿ ಜ್ಞಾಪಿಸುತ್ತಿದ್ದರು. ಬೆಳಗ್ಗೆ ಒಂಬತ್ತಕ್ಕೆಲ್ಲ ಬಸ್ಸಿಳಿದು ಬಂದು, ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ಒಂದು ಒಲೆಯಲ್ಲಿ ಕೋಳಿ ಸಾರು ಕುದಿಯುತ್ತಿತ್ತು. ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು ತಯಾರಾಗಿತ್ತು. ಇಡ್ಲಿ ಪಾತ್ರೆಯಲ್ಲಿ ಉಂಡೆಗಳು ಬೇಯುತ್ತಿದ್ದವು.

ಪುಷ್ಪಕ್ಕ ಮಷೀನನ್ನು ಕೈಗೆತ್ತಿಕೊಂಡು ಆಚೀಚೆ ತಿರುಗಿಸಿ ನೋಡಿ ಸೌಮ್ಯಶ್ರೀಯನ್ನು ಕೇಳಿದರು. "ಇದೆಂತ ಹೆಣೆ, ಗ್ವಾಡಿಗ್ ತೂತ್ ಹೊಡೂದಾ?"

"ಅಲ್ಲ ಅತ್ತೆ, ಶಾವ್ಗಿ ಒತ್ತೂದ್," ಎಂದಳು ಸೌಮ್ಯಶ್ರೀ.

ಮೊದಲ ಉಂಡೆ ಕೊಳವೆಯೊಳಗೆ ಹೋಯಿತು. ಸ್ವರ್ಣಲತಾ ಎರಡೂ ಕೈಯಲ್ಲಿ ಮಷೀನು ಹಿಡಿದು ಗುಂಡಿ ಒತ್ತಿದರು. ಅದು ಗುರ್ರೆಂದು ಶುರುವಾಗಿ, ದನಿ ಇಳಿಸುತ್ತ ಬಂದು, ನಾಲ್ಕು ಬೆರಳು ಉದ್ದದ ಎಳೆ ಹೊರಬಿಟ್ಟು ನಿಂತಿತು. ಹಿಂಭಾಗದಲ್ಲಿ ಕೆಂಪು ದೀಪ ಮಿನುಗಿತು. ಉಂಡೆ ತೆಗೆದು ಇನ್ನೊಂದನ್ನು ಹಾಕಿದರು. ಈ ಸಲ ಮೂರು ಬೆರಳು. ಮೂರನೆಯದಕ್ಕೆ ಗುರ್ರೆನ್ನುವುದನ್ನೂ ಬಿಟ್ಟು ನೇರವಾಗಿ ಕೆಂಪು ದೀಪವನ್ನೇ ತೋರಿಸಿತು. ಬೆಳಗ್ಗೆಯಿಂದ ಚಾರ್ಜಿಗಿಟ್ಟಿತ್ತು, ಬ್ಯಾಟರಿಯ ತಪ್ಪಿರಲಿಲ್ಲ.

"ಅದ್ಕೂ ಭುಜ ಹಿಡ್ಕಂತಾ ಹ್ಯಾಂಗೆ?" ಎಂದರು ಪುಷ್ಪಕ್ಕ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ರವಿಚಂದ್ರ. ನಗುತ್ತಲೇ ಎದ್ದು ಲುಂಗಿ ಎತ್ತಿ ಕಟ್ಟಿದರು. ಕಪಾಟಿನ ಕೆಳಗಿನಿಂದ ಹಿತ್ತಾಳೆ ಮಣೆಯನ್ನು ಎಡಗೈಯಲ್ಲಿ ಎಳೆದು ನಡುವೆ ತಂದಿಟ್ಟರು.

"ಬ್ಯಾಡ ಅಂದೆ ಕಾಣಿ," ಎಂದರು ಸ್ವರ್ಣಲತಾ.

"ಒಂದ್ ಉಂಡಿ. ಒಂದೇ."

ಸ್ವರ್ಣಲತಾ ಬಾಯಿಮಾತಿಗೆ ಬೇಡವೆಂದರೂ ತಟ್ಟೆ ಹಿಡಿದು ಕೆಳಗೆ ಕೂತರು. ರವಿಚಂದ್ರ ತಿರುಪು ಹಿಡಿದರು. ಒಂದು ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದರ ಅರ್ಧಕ್ಕೆ ಭುಜದೊಳಗೆ ಯಾರೋ ಅಗುಳಿ ಹಾಕಿದಂತಾಯಿತು. ಒಂದು ಗೇಣಿನ ಎಳೆಗಳು ಮಣೆಯ ಅಡಿಯಲ್ಲಿ ತೂಗುತ್ತ ನಿಂತವು. ತಟ್ಟೆಯ ಮೇಲಿನ ಕೈ ತೆಗೆಯದೆ ಸ್ವರ್ಣಲತಾ ತಲೆ ಎತ್ತಿ ನೋಡಿದರು.

"ಇವತ್ ಮಳಿ ಅಲ್ದಾ, ಚೂರ್ ಹಿಡ್ಕಂತ್," ಎಂದರು ರವಿಚಂದ್ರ.

"ಬಿಡಾ ರವಿ," ಪುಷ್ಪಕ್ಕನ ದನಿ ಮೆತ್ತಗಾಗಿತ್ತು. "ಕೋಳಿ ಸಾರಿತ್ತಲೆ, ನಾ ಅನ್ನ ಉಣ್ತೆ."

ಅಕ್ಕ ಗೇಲಿ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತು ಹಾಗೆ ಬಿಡುವಂಥದ್ದಾಗಿರಲಿಲ್ಲ. ರವಿಚಂದ್ರ ತಿರುಪನ್ನು ಹಿಂದಕ್ಕೆ ಬಿಚ್ಚಿ, ಕೊಳವೆಯಲ್ಲಿ ಉಳಿದ ಹಿಟ್ಟನ್ನು ಬೆರಳಿನಿಂದ ಕೆದಕಿ ತೆಗೆದರು. ಬಿಸಿ ಇನ್ನೂ ಆರಿರಲಿಲ್ಲ. ಅದನ್ನು ಹೆಬ್ಬೆರಳಿನಲ್ಲಿ ಅದುಮಿದರು, ತಗ್ಗು ಬೀಳಲಿಲ್ಲ. ಇನ್ನೊಮ್ಮೆ ಅದುಮಿದರು. ಮೂವತ್ತೊಂದು ವರ್ಷ ಅವರ ಕೈ ಮುಟ್ಟಿದ್ದು ತಿರುಪನ್ನು, ಹಿಟ್ಟನ್ನಲ್ಲ. ಇದು ಇಷ್ಟು ಗಟ್ಟಿ ಎಂದು ಅವರಿಗೆ ಇವತ್ತೇ ಗೊತ್ತಾದದ್ದು.

ಗೊತ್ತಾದ ಕೂಡಲೇ ಇನ್ನೊಂದು ವಿಷಯ ನೆನಪಾಯಿತು, ಅದು ಅಷ್ಟು ಹಿತವಾಗಿರಲಿಲ್ಲ. ಅಂಗಡಿಯಲ್ಲಿ ಮಣೆ ಕೊಳ್ಳಲು ಬರುವ ಪ್ರತಿ ಹೆಂಗಸಿಗೂ ಅವರು ತಪ್ಪದೆ ಹೇಳುವ ಮಾತೊಂದಿತ್ತು. ಹಿಟ್ಟು ಮಗುಚುವಾಗ ಬಿಸಿನೀರು ಧಾರಾಳವಾಗಿ ಹಾಕಿ, ಒಂದು ಚಮಚ ತೆಂಗಿನೆಣ್ಣೆ ಬಿಟ್ಟು ನಾದಿ, ಮಕ್ಕಳೂ ಒತ್ತಬಹುದು ಎಂದು. ಮನೆಯಲ್ಲಿ ಮಾತ್ರ, ಮದುವೆಯಾದ ವರ್ಷ, ಹಿಟ್ಟು ಗಟ್ಟಿ ಇರಲಿ ಎಂದು ಹೆಂಡತಿಗೆ ಹೇಳಿದ್ದರು. ಎಳೆ ಒಂದಕ್ಕೊಂದು ಅಂಟುವುದಿಲ್ಲ ಎಂಬ ಕಾರಣ ಕೊಟ್ಟಿದ್ದರು. ಅದು ಸುಳ್ಳಲ್ಲ. ಆದರೆ ಸುಲಭವಾಗಿ ಇಳಿಯುವ ಹಿಟ್ಟನ್ನು ಒತ್ತಿದರೆ ನೋಡುವವರು ಯಾರು?

ಈಗ ಬಾಯಿ ಮುಚ್ಚಿ ಕೂತರೆ ಸಾಕಿತ್ತು. ಮಷೀನು ಪೆಟ್ಟಿಗೆ ಸೇರಿ ವಾಪಸ್ ಹೋಗುತ್ತಿತ್ತು. ಮನೆಯಲ್ಲಿ ಮಣೆಯೊಂದೇ ಉಳಿಯುತ್ತಿತ್ತು. ಭುಜ ಸರಿಯಾಗುವವರೆಗೆ ಅವರ ಜಾಗಕ್ಕೆ ಬೇರೆ ಯಾರೂ ಬರುತ್ತಿರಲಿಲ್ಲ. ಪುಷ್ಪಕ್ಕ ಕುರ್ಚಿಯಿಂದ ಕಷ್ಟಪಟ್ಟು ಎದ್ದು, ನಿನ್ನೆಯ ಅನ್ನ ಇದೆಯೇ ಎಂದು ಪಾತ್ರೆಯ ಮುಚ್ಚಳ ಎತ್ತಿ ನೋಡಿದರು.

"ಸ್ವರ್ಣ, ಹಿಟ್ಟಿಗ್ ನೀರ್ ಸಾಕಾಯ್ಲಿಲ್ಲ," ಎಂದರು ರವಿಚಂದ್ರ.

"ಯಾವತ್ತಿನಷ್ಟೇ ಹಾಕಿದ್ದ್."

"ಅದೇ ತಪ್ಪಾದ್ದ್. ಇದ್ ಮಷೀನಿಗ್ ಮಾಡಿದ್ ಹಿಟ್ಟಲ್ಲ, ನಂಗ್ ಮಾಡಿದ್ದ್." ಆಮೇಲೆ ಬಿಸಿನೀರು, ಎಣ್ಣೆ, ನಾದುವುದು ಎಲ್ಲವನ್ನೂ ಅಂಗಡಿಯಲ್ಲಿ ಹೇಳುವ ಧಾಟಿಯಲ್ಲೇ ಹೇಳಿದರು.

ಸ್ವರ್ಣಲತಾ ಸೊಂಟದ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದರು. "ಅಂದ್ರೆ, ನಾ ಮೂವತ್ತೊಂದ್ ವರ್ಷ ಆ ಗಟ್ಟಿ ಹಿಟ್ಟ್ ಮಗ್ಚಿ ಮಗ್ಚಿ ರಟ್ಟಿ ನೋಯ್ಸ್ಕಂಡದ್ದ್, ನಾಲ್ಕ್ ಜನ ನಿಮ್ಗ್ ಶಾಭಾಸ್ ಅನ್ಲಿ ಅಂದೇಳಿಯಾ?"

"ಚೂರ್ ಹಾಂಗೇ," ಎಂದು ರವಿಚಂದ್ರ ಒಪ್ಪಿಕೊಂಡರು.

"ಇವ ಸಣ್ಣದಿರುವಾಗ್ಳೂ ಹಾಂಗೇ," ಪುಷ್ಪಕ್ಕ ಮುಚ್ಚಳವನ್ನು ಮತ್ತೆ ಮುಚ್ಚಿ ಕುರ್ಚಿಗೆ ಮರಳಿದರು. "ಬಾವಿಯಿಂದ ಎರ್ಡ್ ಕೊಡಪಾನ ಒಟ್ಟಿಗ್ ಹೊತ್ಕಂಡ್ ಬಪ್ಪುದ್, ಅದೂ ನೆಂಟ್ರ್ ಬಂದಾಗ್ಳ್ ಮಾತ್ರ."

ಉಂಡೆಗಳನ್ನು ಒಡೆದು, ಬಿಸಿನೀರು ಚಿಮುಕಿಸಿ, ಎಣ್ಣೆ ಹಾಕಿ ನಾದಿ, ಮತ್ತೆ ಹತ್ತು ನಿಮಿಷ ಹಬೆಗಿಟ್ಟರು. ಈ ಸಲ ಮಷೀನಿನ ದನಿ ಇಳಿಯಲಿಲ್ಲ. ಎಳೆಗಳು ಸರಾಗವಾಗಿ ಇಳಿದು ನೇರವಾಗಿ ಕಟ್ಟೆಯ ಮೇಲೆ ಬಿದ್ದವು. ತಟ್ಟೆ ಹಿಡಿಯಲು ಜನ ಇರಲಿಲ್ಲ. ಸ್ವರ್ಣಲತಾರ ಎರಡೂ ಕೈಗಳು ಮಷೀನಿನ ಮೇಲಿದ್ದವು. ಸೌಮ್ಯಶ್ರೀ ಹಬೆಯಿಂದ ಉಂಡೆ ತೆಗೆದು ಕೊಡಬೇಕಿತ್ತು. ಪುಷ್ಪಕ್ಕನ ಮಂಡಿ ಕೆಳಗೆ ಕೂರಲು ಬಿಡುತ್ತಿರಲಿಲ್ಲ.

"ಹ್ವಾಯ್, ಕೂಕಣಿ," ಎಂದರು ಸ್ವರ್ಣಲತಾ, ಗಿಡ್ಡ ಸ್ಟೂಲೊಂದನ್ನು ಕಾಲಿನಿಂದ ಗಂಡನ ಕಡೆ ತಳ್ಳಿ, ಮಷೀನನ್ನು ಕಟ್ಟೆಯಿಂದ ಈಚೆಗೆ ಹಿಡಿಯುತ್ತ.

"ನಾನಾ?"

"ಮತ್ಯಾರ್? ತಟ್ಟಿ ತಿರ್ಗ್ಸೂಕೆ ಭುಜ ಬ್ಯಾಡ."

ಸ್ಟೂಲಿನ ಮೇಲೆ ಕೂತ ರವಿಚಂದ್ರರಿಗೆ ಅಡುಗೆಮನೆ ಬೇರೆಯದೇ ಆಗಿ ಕಂಡಿತು. ಇಷ್ಟು ವರ್ಷ ಮೇಲಿನಿಂದ ನೋಡಿದವರು ತಟ್ಟೆ ತಿರುಗಿಸುವುದೊಂದು ಕೆಲಸವೆಂದು ಎಣಿಸಿರಲಿಲ್ಲ. ಎಳೆ ಇಳಿಯತೊಡಗಿತು. ಅವರು ತಿರುಗಿಸಿದರು. ಎಳೆ ಒಂದೇ ಕಡೆ ಗುಪ್ಪೆಯಾಯಿತು. ಗಾಬರಿಯಲ್ಲಿ ಜೋರಾಗಿ ತಿರುಗಿಸಿದರೆ ತುಂಡಾಗಿ ಅಂಚಿನಿಂದಾಚೆ ಜಾರಿತು.

"ಎಂತಾ ಇದ್, ಕಾಕಿ ಗೂಡಾ?" ಎಂದರು ಪುಷ್ಪಕ್ಕ. ಆದರೂ ಆ ಗೂಡನ್ನು ತಮ್ಮ ಬಟ್ಟಲಿಗೆ ಹಾಕಿಸಿಕೊಂಡು ಕೋಳಿ ಸಾರು ಹೊಯ್ದುಕೊಂಡರು.

ಎರಡನೆಯದು ಮೊದಲಿನದಕ್ಕಿಂತ ಕೆಟ್ಟದಾಯಿತು. ಮೂರನೆಯದಕ್ಕೆ ಸ್ವರ್ಣಲತಾ ಗುಂಡಿಯಿಂದ ಬೆರಳು ತೆಗೆದು ಹೇಳಿದರು, "ತಟ್ಟಿ ಕಾಣ್ಬೇಡಿ. ಎಳಿ ಕಾಣಿ. ಅದ್ ಬಪ್ಪಷ್ಟೇ ನೀವ್ ಹೋಯ್ಕ್."

ಅವರು ಎಳೆಯನ್ನು ನೋಡಿದರು. ಅದಕ್ಕೊಂದು ವೇಗವಿತ್ತು, ಉಂಡೆ ಮುಗಿಯುತ್ತ ಬಂದಂತೆ ಅದು ಸ್ವಲ್ಪ ಹೆಚ್ಚುತ್ತಿತ್ತು. ಹೊರಗಿನ ಸುತ್ತಿನಿಂದ ಒಳಕ್ಕೆ ಬರಬೇಕು, ಕೊನೆಯ ಬಾಲವನ್ನು ನಡುವೆ ಬೀಳಿಸಬೇಕು. ಎಡಗೈ ತಿರುಗಿಸಿತು, ಬಲಗೈ ಮೊಣಕೈಯನ್ನು ಮಂಡಿಗೆ ಊರಿ ತಟ್ಟೆಗೆ ಆಸರೆ ಕೊಟ್ಟಿತು. ಐದನೆಯ ಉಂಡೆಗೆ ಸುರುಳಿ ದುಂಡಗಾಯಿತು. ಒಂಬತ್ತನೆಯದನ್ನು ಸೌಮ್ಯಶ್ರೀ ತನ್ನ ಫೋನಿನಲ್ಲಿ ಫೋಟೋ ತೆಗೆದಳು. ರವಿಚಂದ್ರ ತಲೆ ಎತ್ತಲಿಲ್ಲ. ಯಾರು ನೋಡುತ್ತಿದ್ದಾರೆ ಎಂಬುದು ಆಗ ಅವರ ಗಮನದಲ್ಲಿರಲಿಲ್ಲ.

ಪುಷ್ಪಕ್ಕ ಸಾರಿನಲ್ಲಿ ನಾಲ್ಕು, ಕಾಯಿಹಾಲಿನಲ್ಲಿ ಎರಡು ತಿಂದು ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದರು. ಸೌಮ್ಯಶ್ರೀ ಸಾಕೆಂದು ಎದ್ದಳು. ಗಂಡಹೆಂಡಿರ ಪಾಲಿನದನ್ನು ಆಗಲೇ ತೆಗೆದಿಟ್ಟಾಗಿತ್ತು. ಸ್ವರ್ಣಲತಾ ಮಷೀನಿನ ಕೊಳವೆ ಬಿಚ್ಚಲು ಹೊರಟಾಗ ಸ್ಟೂಲಿನಿಂದ ದನಿ ಬಂತು.

"ಹಿಟ್ಟ್ ಉಳ್ದಿತ್ತಾ?"

"ಒಂದ್ ಉಂಡಿ ಇತ್ತ್. ಎಂತಕೆ?"

"ಹಾಕ್."

"ತಿಂಬವ್ರ್ ಯಾರ್?"

"ತಿಂಬುದ್ ಆಮೇಲ್ ಕಾಂಬ," ಎಂದರು ರವಿಚಂದ್ರ, ತಟ್ಟೆಗೆ ಹೊಸ ಬಾಳೆಲೆ ಹಾಸುತ್ತ. "ಕಡೀ ಸುರುಳಿ ಒಂದ್ ಬದಿ ಸಪೂರ ಆಯ್ತ್. ಈ ಸಲ ಸರಿ ಹಿಡಿತೆ."