ಎರಡು ಎಡ ಮಡ್‌ಗಾರ್ಡು

ಕಾಮಾಕ್ಷಿಪಾಳ್ಯದ ಮುರುಗೇಶನ ಶೆಡ್ಡಿನಲ್ಲಿ ಅಂಜಿನಯ್ಯನ ಮಾತಿಗೆ ಎದುರಾಡುವವರಿರಲಿಲ್ಲ. ಮೂವತ್ತೈದು ವರ್ಷದ ಟಿಂಕರಿಂಗ್ ಕೆಲಸ. ಹಳೇ ಕಾರಿನ ಎಡಗಡೆ ಮಡ್‌ಗಾರ್ಡು ನೆಟ್ಟಗಿದ್ದರೆ ಸಾಕು, ಅದಕ್ಕೆ ಜೋಡಿಯಾಗುವ ಬಲಗಡೆಯದನ್ನು ತಗಡಿನಲ್ಲಿ ಬಡಿದು ಎಬ್ಬಿಸುತ್ತಿದ್ದ. ಮನುಷ್ಯನಿಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ. ಅಂಥ ಕೈ ಇದ್ದಿದ್ದರೆ ನನಗೂ ಇರುತ್ತಿತ್ತು.

ರಟ್ಟಿನಲ್ಲಿ ಪ್ಯಾಟರ್ನ್ ಕತ್ತರಿಸುವವಳು ಶಶಿಕಲಾ. ಆರು ವರ್ಷದ ಹಿಂದೆ ಕಸ ಗುಡಿಸಲು ಸೇರಿದವಳ ಕೈಗೆ ಕತ್ತರಿ ಕೊಟ್ಟು ಕಲಿಸಿದವನು ಅಂಜಿನಯ್ಯನೇ. ಇರುವ ಎಡಭಾಗಕ್ಕೆ ರಟ್ಟು ಒತ್ತಿ ಅವಳು ಆಕಾರ ತೆಗೆಯುತ್ತಾಳೆ. ಬಲಕ್ಕೆ ಬೇಕಾದರೆ ಅದೇ ರಟ್ಟನ್ನು ಮಗುಚಿ ತಗಡಿನ ಮೇಲಿಡಬೇಕು. ಮರೆಯದಿರಲಿ ಅಂತ ಒಂದು ಮಗ್ಗುಲಿಗೆ ಕೆಂಪು ಪೆನ್ನಿನಲ್ಲಿ "ಇದು ಕಾಣ್ತಿದ್ರೆ ಮಗುಚಿ" ಎಂದು ಬರೆದಿರುತ್ತಾಳೆ. ಅದನ್ನು ಓದುವ ಗೋಜಿಗೆ ಅಂಜಿನಯ್ಯ ಹೋಗುತ್ತಿರಲಿಲ್ಲ. ಅವನಿಗೇ ಪಾಠವೇ?

ಹೋದ ತಿಂಗಳು ಮಹಾಲಕ್ಷ್ಮಿ ಲೇಔಟಿನ ಉದಯಕುಮಾರ್ ತನ್ನ ಅಪ್ಪನ ಕಾಲದ ಕಾರು ತಂದ. ಬಲಗಡೆ ಮಡ್‌ಗಾರ್ಡು ತುಕ್ಕು ಹಿಡಿದು ಜರಡಿಯಾಗಿತ್ತು. ಅಂಜಿನಯ್ಯ ನಾಲ್ಕು ದಿನ ಮೈಮುರಿದು ಬಡಿದ. ಐದನೇ ದಿನ ಗಿರಾಕಿಯ ಎದುರಿಗೇ ಎತ್ತಿ ಕಾರಿಗೆ ಹಿಡಿದರೆ, ಹೊರಗೆ ಉಬ್ಬಬೇಕಾದ ಹೊಟ್ಟೆ ಇಂಜಿನ್ ಕಡೆ ತಿರುಗಿ ಕೂತಿತ್ತು. ರಟ್ಟನ್ನು ಮಗುಚದೆ ಇಟ್ಟು ಇನ್ನೊಂದು ಎಡವನ್ನೇ ಮಾಡಿಬಿಟ್ಟಿದ್ದ.

ಉದಯಕುಮಾರ್ ಮುಖ ನೋಡಿದ. ಅಂಜಿನಯ್ಯನ ಬಾಯಿಂದ ಮಾತು ತಾನಾಗಿ ಬಂತು.

"ಪ್ಯಾಟರ್ನ್ ತಪ್ಪಾಗಿ ಕಟ್ ಮಾಡಿದಾಳೆ ಸಾರ್."

ಶಶಿಕಲಾ ರಟ್ಟನ್ನು ಎತ್ತಿ ಮುರುಗೇಶನ ಮುಂದೆ ಹಿಡಿದಳು. ಗಿರಾಕಿಯ ಮುಂದೆ ಮರ್ಯಾದೆ ಹೋದ ಸಿಟ್ಟಿಗೆ ಮುರುಗೇಶ ರಟ್ಟನ್ನು ತಿರುಗಿಸಿಯೂ ನೋಡದೆ, "ನಾಳೆಯಿಂದ ಪೈಂಟ್ ಉಜ್ಜೋ ಕೆಲಸಕ್ಕೆ ಹೋಗಮ್ಮ" ಎಂದ. ಅವಳು ಅಂಜಿನಯ್ಯನನ್ನು ಒಂದು ಸಲ ನೋಡಿದಳು, ಅಷ್ಟೇ.

ಆಮೇಲಿನ ದಿನಗಳು ಅವನಿಗೆ ಮುಳ್ಳಿನ ಮೇಲೆ ನಿಂತ ಹಾಗಿದ್ದವು. ಮೂಲೆಯಲ್ಲಿ ಅವಳು ಉಪ್ಪುಕಾಗದ ಹಿಡಿದು ಬಾನೆಟ್ ಉಜ್ಜುವ ಸದ್ದು ಕೇಳಿದಾಗೆಲ್ಲ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಎದ್ದು ಹೋಗಿ ಹೇಳಿಬಿಡಬೇಕು ಅನ್ನಿಸುತ್ತಿತ್ತು, ಕಾಲು ಬರುತ್ತಿರಲಿಲ್ಲ. ಸ್ವಂತ ಪ್ಯಾಟರ್ನ್ ಕತ್ತರಿಸಲು ಹೋಗಿ ಮೂರು ರಟ್ಟು ಹಾಳು ಮಾಡಿ, ಕೊನೆಗೆ ಅವಳದ್ದನ್ನೇ ತೆಗೆದು, ಮಗುಚಿಟ್ಟು ಬಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.

ಉದಯಕುಮಾರ್ ಬಂದು ಸವರಿ ನೋಡಿ ಖುಷಿಯಾದ. "ಈ ಸಲ ಪ್ಯಾಟರ್ನ್ ಸರಿಯಾಗಿ ಕಟ್ ಮಾಡ್ಸಿದ್ರಾ?"

"ಅದೇ ಪ್ಯಾಟರ್ನ್ ಸಾರ್. ಅವಳ್ದು ಸರಿಯಾಗೇ ಇತ್ತು. ನಾನೇ ತಿರುಗ್ಸಿ ಇಡ್ಲಿಲ್ಲ. ಅವತ್ತು ಸುಳ್ಳು ಹೇಳ್ದೆ."

ಗಿರಾಕಿ ನಕ್ಕುಬಿಟ್ಟ. "ಹೋಗ್ಲಿ ಬಿಡಿ, ಕೆಲಸ ಆಯ್ತಲ್ಲ."

ಅಷ್ಟಕ್ಕೇ ಮುಗಿಯಿತು. ಈ ಒಂದು ನಗುವಿಗೆ ಹೆದರಿ ತಾನು ಒಬ್ಬಳ ಆರು ವರ್ಷದ ಕೆಲಸ ಕಿತ್ತುಕೊಂಡೆನಲ್ಲ ಎಂದು ಅಂಜಿನಯ್ಯನಿಗೆ ಭೂಮಿಗಿಳಿದು ಹೋದಂತಾಯಿತು. ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಮುರುಗೇಶ ಮುಜುಗರದಿಂದ ಮೂಲೆಯತ್ತ ಕೂಗಿ, ನಾಳೆಯಿಂದ ಮತ್ತೆ ಕತ್ತರಿ ಹಿಡಿಯಮ್ಮ ಎಂದ.

ಶಶಿಕಲಾ ಕೈ ನಿಲ್ಲಿಸಲಿಲ್ಲ.

"ಬೇಡ ಅಣ್ಣ, ಉಜ್ಜೋ ಕೆಲಸಾನೇ ಇರ್ಲಿ. ಇಲ್ಲಿ ತಪ್ಪಾದ್ರೆ ಅದು ನಂದೇ ಆಗಿರುತ್ತೆ."