ಮೊಮ್ಮಗಳ ಮೀಸೆ

ನನ್ನ ಮೊಮ್ಮಗಳಿಗೆ ಮೀಸೆ ಬಂದಿದೆ!

ಗಾಬರಿಯಾಗಬೇಡಿ, ಅಂಟು ಹಚ್ಚಿ ಕೂರಿಸಿದ ಮೀಸೆ. ಆದರೆ ಎಂಥಾ ಮೀಸೆ ಅಂತೀರಿ! ಕಳೆದ ಶನಿವಾರ ದಿಂಡಿಗಲ್ಲಿನಲ್ಲಿ, ಅವಳ ಕಾಲೇಜಿನ ಹಾಲಿನಲ್ಲಿ, ಕರಿ ಕೋಟು ತೊಟ್ಟು ಭುವನಾ ಸ್ಟೇಜಿಗೆ ಬಂದಳು. ನಾನು ಪಕ್ಕದ ಹೆಂಗಸಿನ ತೊಡೆ ತಟ್ಟಿ ಹೇಳಿದೆ, "ಆ ಗಂಡಸು ನನ್ನ ಮೊಮ್ಮಗಳು." ಮುಂದಿನ ಸಾಲಿನವರು ತಿರುಗಿ ನೋಡಿದರು. ಅವರಿಗೂ ಹೇಳಿದೆ. ಸೊಸೆ ಸೆಲ್ವಿ ನನ್ನ ಸೆರಗು ಹಿಡಿದು ಎಳೆಯದಿದ್ದರೆ ಎದ್ದು ನಿಂತು ಇಡೀ ಹಾಲಿಗೇ ಹೇಳುತ್ತಿದ್ದೆ.

ಅದು ಹುಡುಗಿಯರ ಕಾಲೇಜು. ನಾಟಕದಲ್ಲಿ ಗಂಡಸಿನ ಪಾತ್ರಕ್ಕೆ ಗಂಡಸನ್ನು ಎಲ್ಲಿಂದ ತರುವುದು? ಭುವನಾ ಉದ್ದ ಇದ್ದಾಳೆ, ಗಂಟಲೂ ದೊಡ್ಡದು (ಅದು ನನ್ನ ಕಡೆಯಿಂದ ಬಂದದ್ದು). ಅವಳನ್ನೇ ಗಂಡನನ್ನಾಗಿ ಮಾಡಿದರು.

ಇಷ್ಟೇ ಆಗಿದ್ದರೆ ನಾನು ಖುಷಿಪಟ್ಟು ಸುಮ್ಮನಾಗುತ್ತಿದ್ದೆ. ಆದರೆ ಆ ನಾಟಕವನ್ನು ಒಂದು ತಿಂಗಳು ಊರೂರಿಗೆ ಒಯ್ಯುತ್ತಾರಂತೆ. ತಿರುಚ್ಚಿ, ಕೋಯಮತ್ತೂರು, ಕಡೆಗೆ ಚೆನ್ನೈ. ಮನೆಯವರು ಒಪ್ಪಿದ ಹುಡುಗಿಯರಿಗೆ ಮಾತ್ರ ಜಾಗ. ಒಪ್ಪಿಗೆ ಸಿಗದಿದ್ದರೆ ಆ ಮೀಸೆ ಬೇರೆ ಹುಡುಗಿಗೆ. ಭಾನುವಾರದೊಳಗೆ ಟೀಚರಿಗೆ ಹೇಳಬೇಕು.

ನಮ್ಮ ಮನೆಯಲ್ಲಿ ಒಪ್ಪಿಗೆ ಅಂದರೆ ತಾತನ, ಅಂದರೆ ನಮ್ಮವರ, ಒಪ್ಪಿಗೆ. ನನ್ನ ಮಗ ಇದ್ದಾನೆ, ಆದರೆ ಅವನು "ಅಪ್ಪ ಏನಂತಾರೋ" ಅಂತ ಜಾರಿಕೊಳ್ಳುತ್ತಾನೆ. ಭುವನಾ ಎಷ್ಟು ಸಲ ಕೇಳಿದಳೋ. ತಾತ ಬೇಡ ಅನ್ನಲಿಲ್ಲ. ನಮ್ಮವರು ಯಾವತ್ತೂ, ಯಾರಿಗೂ ಬೇಡ ಅಂದವರೇ ಅಲ್ಲ. ಎಡಗೈ ಹೆಬ್ಬೆರಳಿನಿಂದ ಮೀಸೆ ನೀವಿಕೊಂಡು ಮೇಲೆ ಹಂಚಿನ ಕಡೆ ನೋಡುತ್ತಾರೆ. "ಹ್ಮ್... ನೋಡಾಣ."

ತಮಿಳಿನಲ್ಲಿ 'ಪಾಕ್ಕಲಾಂ' ಅನ್ನಿ, ತಮಿಳು ಸೀಮೆಯಲ್ಲೇ ಬೆಳೆದ ನಮ್ಮ ಮನೆಯ ಕನ್ನಡದಲ್ಲಿ 'ನೋಡಾಣ' ಅನ್ನಿ, ಅರ್ಥ ಒಂದೇ. ಇವತ್ತಿಲ್ಲ, ನಾಳೆ ಕೇಳಬೇಡ.

ಈಗ ನಾಟಕದ ವಿಷಯಕ್ಕೆ ಬರುತ್ತೇನೆ. ನೂರೈವತ್ತು ವರ್ಷದ ಹಿಂದೆ ದೂರದ ಯಾವುದೋ ಚಳಿ ದೇಶಗಳಲ್ಲಿ ಹುಟ್ಟಿದ ನಾಟಕದ ಮಾದರಿಯಂತೆ ಅದು. ಅಲ್ಲಿಯವರೆಗೆ ಸ್ಟೇಜಿನ ಮೇಲೆ ರಾಜ, ರಾಣಿ, ಯುದ್ಧ. ಆಮೇಲೆ ಯಾರೋ ಪುಣ್ಯಾತ್ಮರು ಸಾಮಾನ್ಯ ಮನೆಯ ಒಂದು ಗೋಡೆ ಕಿತ್ತು, ನಡುಮನೆಯಲ್ಲಿ ಏನು ನಡೆಯುತ್ತೆ ಅಂತ ಇದ್ದದ್ದು ಇದ್ದ ಹಾಗೆ ತೋರಿಸಿದರಂತೆ. ಭುವನಾ ಹೇಳಿಕೊಟ್ಟದ್ದು. ಆ ಕಾಲದಲ್ಲಿ ಅಲ್ಲೂ ಹೆಂಡತಿ ದುಡಿದದ್ದು ಗಂಡನಿಗೇ ಸೇರುತ್ತಿತ್ತಂತೆ. ನಾನು ಓದಿದ್ದು ಐದನೇ ಕ್ಲಾಸು, ಅದೂ ತಮಿಳಿನಲ್ಲಿ (ಕನ್ನಡ ಅಕ್ಷರ ಕಲಿತದ್ದು ತಲೆ ನರೆತ ಮೇಲೆ, ವಾರವಾರ ನಾನು ಬರೆದದ್ದನ್ನು ಓದುವ ನಿಮಗೆ ಗೊತ್ತೇ ಇದೆ). ಆ ದೇಶಗಳು ಯಾವ ದಿಕ್ಕಿಗಿವೆ ಅಂತಲೂ ತಿಳಿಯದು. ಆದರೆ ಪರದೆ ಎದ್ದ ಕೂಡಲೇ ಆ ನಡುಮನೆ ನನಗೆ ಗುರುತು ಸಿಕ್ಕಿತು.

ಗಂಡಸರು ಬಾಗಿಲಿಂದ ಬರುತ್ತಾರೆ, ಹೋಗುತ್ತಾರೆ. ಗಂಡ ಮರದ ವ್ಯಾಪಾರಿ, ಅವನ ಸ್ನೇಹಿತ ಡಾಕ್ಟರು, ಇನ್ನೊಬ್ಬ ವಕೀಲ. ಹೆಂಡತಿ? ಅವಳು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಪರದೆ ಏಳುವಾಗಲೇ ಅಲ್ಲಿರುತ್ತಾಳೆ, ಮೇಜು ಕುರ್ಚಿಯ ಹಾಗೆ.

ಅವಳದು ಒಂದೇ ಆಸೆ. ಹೊಳೆಯಾಚೆ ಒಂದು ಶಾಲೆ ಇದೆ, ಅಲ್ಲಿ ಮಕ್ಕಳಿಗೆ ಪಾಠ ಹೇಳಬೇಕು. ಗಂಡನನ್ನು ಕೇಳುತ್ತಾಳೆ. ಪುಸ್ತಕದಲ್ಲಿ ಗಂಡನಿಗೆ ಒಂದು ಮಾರು ಉದ್ದದ ಭಾಷಣ ಇತ್ತಂತೆ, ಹೆಂಗಸು ಯಾಕೆ ಹೊರಗೆ ಹೋಗಬಾರದು ಅಂತ. ಭುವನಾ ಟೀಚರಿಗೆ ಹೇಳಿದಳಂತೆ, "ನಮ್ಮೂರ ಕಡೆ ಯಾರೂ ಇಷ್ಟೆಲ್ಲಾ ಬೈಯಲ್ಲ ಮೇಡಂ. ನಾನು ಬೇರೆ ಥರ ಮಾಡ್ತೀನಿ."

ಮಾಡಿದಳು. ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿದಳು. ಎಡಗೈ ಹೆಬ್ಬೆರಳು ಮೀಸೆಗೆ ಹೋಯಿತು. ಕಣ್ಣು ಮೇಲೆ ಹೋಯಿತು. "ಹ್ಮ್... ಪಾಕ್ಕಲಾಂ."

ಹಾಲಿನಲ್ಲಿದ್ದ ಹೆಂಗಸರೆಲ್ಲ ಹೋ ಅಂತ ನಕ್ಕರು. ಸೆಲ್ವಿ ಬಾಯಿಗೆ ಸೆರಗು ತುರುಕಿಕೊಂಡಳು. ನಾನು ಮೆಲ್ಲಗೆ ಬಲಕ್ಕೆ ತಿರುಗಿ ನೋಡಿದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಯಾರು ಗೊತ್ತೇ? ನಮ್ಮವರೇ! ನನ್ನ ಕಿವಿಯ ಹತ್ತಿರ ಬಂದು ಹೇಳುತ್ತಾರೆ, "ಇವನು ಸರಿಯಾದ ಕಳ್ಳ. ಬೇಡ ಅನ್ನೋ ಧೈರ್ಯ ಇಲ್ಲ, ಆಗಲಿ ಅನ್ನೋ ಮನಸಿಲ್ಲ."

ನಾಟಕದ ಆ ಗಂಡ ಒಂದು ಸಲವೂ ಬೈಯಲಿಲ್ಲ, ಹೊಡೆಯಲಿಲ್ಲ. ಚಳಿಗಾಲ ಕಳೆಯಲಿ, ಪಾಕ್ಕಲಾಂ. ನಾದಿನಿ ಮದುವೆ ಮುಗಿಯಲಿ, ಪಾಕ್ಕಲಾಂ. ನಗು ಕಮ್ಮಿಯಾಗುತ್ತಾ ಬಂತು. ಕಡೆಗೆ ಒಂದು ದಿನ ಅವನೇ ಒಳ್ಳೆಯ ಮನಸ್ಸಿನಲ್ಲಿ ಕೇಳುತ್ತಾನೆ, "ನಿನ್ನ ಶಾಲೆ ವಿಷಯ ಏನಾಯ್ತು?" ಅವಳು ಮೇಜು ಒರೆಸುತ್ತಾ ಹೇಳುತ್ತಾಳೆ, "ಯಾವ ಶಾಲೆ?"

ಪರದೆ ಬಿತ್ತು. ಇಷ್ಟೇ. ಬೇಡ ಅಂದಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳು. ನೋಡೋಣ ಅಂದವರ ಜೊತೆ ಏನಂತ ಜಗಳ ಆಡುವುದು? ಕಾಯಬೇಕು ಅಷ್ಟೆ. ಕಾಯುತ್ತಾ ಕಾಯುತ್ತಾ ಆಸೆಯೇ ಸೊಂಟ ಬಗ್ಗಿ ಮುದುಕಿಯಾಗುತ್ತದೆ.

ಸಂಜೆ ಊರಿಗೆ ಹೊರಟೆವು. ಕಾರು ಓಡಿಸುವವನು ಮಗ, ಅವನ ಪಕ್ಕ ತಾತ, ಹಿಂದೆ ನಾವು ಮೂರು ಹೆಂಗಸರು. ಮೀಸೆ ಕಿತ್ತ ಜಾಗ ಭುವನಾಳ ತುಟಿಯ ಮೇಲೆ ಕೆಂಪಗಿತ್ತು. ಪೆರಿಯಕುಳಂ ದಾಟಿದೆವು. ಅವಳು ಮುಂದಕ್ಕೆ ಬಾಗಿದಳು.

"ತಾತಾ, ನಾಳೆ ಹೇಳಬೇಕು ಟೀಚರಿಗೆ. ನಾನು ಹೋಗ್ಲಾ?"

ತಾತನ ಎಡಗೈ ಮೇಲೆ ಹೋಯಿತು. ಹೆಬ್ಬೆರಳು ಮೀಸೆ ಮುಟ್ಟಿತು. "ಹ್ಮ್..."

ಅಲ್ಲಿಗೇ ನಿಂತಿತು!

ಅವರು ಕೈ ಕೆಳಗಿಳಿಸಿ ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. ಹಿಂದೆ ತಿರುಗಿ ಮೊಮ್ಮಗಳನ್ನು ನೋಡಿದರು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಹಳೆಯ ಮಾತು ಆಡುವ ಹಾಗಿಲ್ಲ, ಬೇಡ ಅಂದು ಅಭ್ಯಾಸವಿಲ್ಲ, ಆಗಲಿ ಅನ್ನಲು ನಾಲಗೆ ಏಳದು. ಪಾಪ, ಅನ್ನಿಸಿತು ನನಗೆ.

"ಹೋಗಿ ಬಾ ನನ್ನ ಕಣ್ಣು," ಅಂದೆ.

ನಾನು ಅಂದದ್ದೇ! ನನಗೇ ಆಶ್ಚರ್ಯ.

"ನಾನಿನ್ನೂ ಹೇಳೇ ಇಲ್ವಲ್ಲ!" ಅಂದರು ತಾತ.

"ನೀವು ನಿಧಾನಕ್ಕೆ ಹೇಳಿ. ಅವಳು ಹೋಗಿ ಬರ್ತಾಳೆ."

ಮಗ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. "ಅವ್ವ ಹೇಳಿದ ಮೇಲೆ ಮುಗೀತು." (ಎಷ್ಟು ಸುಲಭ ನೋಡಿ ಇವನಿಗೆ. ಯಾರಾದರೊಬ್ಬರು ಹೇಳಿದರೆ ಸಾಕು!) ಭುವನಾ ನನ್ನ ಕೆನ್ನೆಗೆ ಮುತ್ತು ಕೊಟ್ಟು ಅಲ್ಲೇ ಟೀಚರಿಗೆ ಫೋನು ಮಾಡಿದಳು. ತಾತ ಮುಖ ಊದಿಸಿಕೊಂಡು ಕೂತಿದ್ದವರು, ತೇನಿ ಬರುವ ಹೊತ್ತಿಗೆ ಬಾಯಿಬಿಟ್ಟರು. "ಚೆನ್ನೈ ನಾಟಕಕ್ಕೆ ನಮ್ಮನ್ನೂ ಬಿಡ್ತಾರಾ?" ನನಗೆ ಕುಣಿಯುವಷ್ಟು ಸಂತೋಷ. ಕಾರು ಚಿಕ್ಕದಾಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಈ ವಾರ ನಾನು ಬರೀ ಜಂಬ ಕೊಚ್ಚಿಕೊಂಡು ನಿಲ್ಲಿಸುತ್ತಿದ್ದೆ.

ಮನೆ ಸೇರಿ ಅಡುಗೆಮನೆಯಲ್ಲಿ ಸಾರು ಬಿಸಿ ಮಾಡುವಾಗ ಸೆಲ್ವಿ ಹತ್ತಿರ ಬಂದಳು. ನಲವತ್ತು ದಾಟಿದವಳು, ನನಗಿಂತ ಎಷ್ಟೋ ಓದಿದವಳು. ಈಗಲೂ ಹತ್ತಿರದ ಚಿನ್ನಮನೂರಿಗೆ ಹೋಗಬೇಕಾದರೆ ನನ್ನ ಮಗ ಬಿಡುವಾಗುವುದನ್ನು ಕಾಯುತ್ತಾಳೆ. ತಲೆ ತಗ್ಗಿಸಿಕೊಂಡು ಅಂದಳು, "ಅತ್ತೆ, ನಿಮ್ಮನ್ನ ಒಂದು ಕೇಳಲಾ? ನಾನು ಸ್ಕೂಟರ್ ಕಲೀಲಾ?"

"ನಾಳೆಯಿಂದಲೇ ಕಲಿ" ಅಂದೆ ತಕ್ಷಣ. ಅವಳ ಮುಖ ನೋಡಬೇಕಿತ್ತು ನೀವು.

ಮಲಗಿದ ಮೇಲೆ ಯೋಚನೆ ಹತ್ತಿತು. ಇಷ್ಟು ದೊಡ್ಡ ಹೆಂಗಸು ಸ್ಕೂಟರ್ ಕಲಿಯಲು ನನ್ನನ್ನು ಯಾಕೆ ಕೇಳಬೇಕು? ಕೇಳದೆ ಕಲಿತಿದ್ದರೆ, ನಾನು ಸುಮ್ಮನಿರುತ್ತಿದ್ದೆನೇ?