ತಿಥಿ ಮನೆಗೆ ಬಂದ ಕಳ್ಳ

ಕಳೆದ ವಾರ ನಮ್ಮನೆಗೆ ಕಳ್ಳ ಬಂದಿದ್ದ.

ಮಟಮಟ ಮಧ್ಯಾಹ್ನ. ಮನೆಯೊಳಗೆ ಹದಿನಾಲ್ಕು ಜನ ಇದ್ವಿ. ಅಂಥ ಮನೆಗೆ ಯಾವ ತಲೆಕೆಟ್ಟ ಕಳ್ಳ ಬರ್ತಾನೆ ಅಂತೀರಾ? ಅವನ ತಲೆ ಸರಿಯಾಗೇ ಇತ್ತು. ಪಾಪ, ಅವನದ್ದೇನೂ ತಪ್ಪಿಲ್ಲ ಅಂತಲೇ ನನ್ನ ವಾದ. (ನಮ್ಮ ಯಜಮಾನರು ಇದನ್ನು ಒಪ್ಪೋದಿಲ್ಲ. ಅವರು ನನ್ನ ಯಾವ ವಾದವನ್ನು ಒಪ್ಪಿದ್ದಾರೆ?)

ಮೊದಲಿಂದ ಹೇಳ್ತೀನಿ. ಎರಡು ತಿಂಗಳ ಹಿಂದೆ ಜಯನಗರದ ನಮ್ಮ ಪಕ್ಕದ ಕ್ರಾಸಿನಲ್ಲಿ ಒಂದೇ ವಾರ ಎರಡು ಮನೆ ಬೀಗ ಒಡೆದರು. ರಸ್ತೆಯವರಿಗೆಲ್ಲ ಹೆದರಿಕೆ ಶುರುವಾಯ್ತು. ನನಗೆ ಉತ್ಸಾಹ ಶುರುವಾಯ್ತು. ಎಲ್ಲರನ್ನೂ ನಮ್ಮನೆ ಹಾಲಿನಲ್ಲಿ ಸೇರಿಸಿದೆ. ಸ್ಟೇಷನ್ನಿನಿಂದ ಸಬ್ ಇನ್ಸ್‌ಪೆಕ್ಟರನ್ನೂ ಕರೆಸಿದೆ. ಅವರು ಬಂದು, ಬಿಸಿ ಬಿಸಿ ಬೋಂಡಾ ತಿಂದು, ಕಳ್ಳರು ಖಾಲಿ ಮನೆಯನ್ನು ಹೇಗೆ ಪತ್ತೆ ಹಚ್ತಾರೆ ಅಂತ ಚೆನ್ನಾಗಿ ವಿವರಿಸಿದರು.

"ಬೆಳಗ್ಗೆ ಬಾಗಿಲಿಗೆ ರಂಗೋಲಿ ಬಿದ್ದಿಲ್ಲ ಅಂದ್ರೆ ಮನೇಲಿ ಹೆಂಗಸರಿಲ್ಲ ಅಂತ ಲೆಕ್ಕ ಹಾಕ್ತಾರೆ ಮೇಡಂ. ಪೇಪರ್ ಗೇಟಲ್ಲೇ ಬಿದ್ದಿದ್ರೆ ಇನ್ನೂ ಅನುಕೂಲ. ಆಮೇಲೆ ಬೆಲ್ ಮಾಡಿ ನೋಡ್ತಾರೆ. ಯಾರೂ ಬರ್ಲಿಲ್ಲವೋ, ಮುಗೀತು ಕಥೆ."

ಅವತ್ತಿನಿಂದ ರಸ್ತೆಗೆಲ್ಲ ನಾನೇ ಇನ್ಸ್‌ಪೆಕ್ಟರ್. ಯಾರಾದರೂ ಊರಿಗೆ ಹೊರಟರೆ ಪಕ್ಕದವರು ರಂಗೋಲಿ ಹಾಕಬೇಕು, ಪೇಪರ್ ಎತ್ತಿಡಬೇಕು, ಹಾಲು ತಗೋಬೇಕು ಅಂತ ಕಾನೂನು ಮಾಡಿದೆ. ನಮ್ಮನೆ ಮುಂಬಾಗಿಲಿನ ಹೊರಗೆ ಕೊಲ್ಯಾಪ್ಸಿಬಲ್ ಗೇಟ್ ಬಂತು. ಕೀ ಇಲ್ಲದೆ ಒತ್ತಿದರೆ ಸಾಕು, ಟಕ್ ಅಂತ ಬೀಳುವ ದಪ್ಪನೆಯ ಬೀಗ ಬಂತು. ಬಾಗಿಲಿಗೆ ಮ್ಯಾಜಿಕ್ ಐ ಬಂತು. "ಇಷ್ಟೆಲ್ಲ ಭದ್ರ ಮಾಡಿದ್ದೀಯಲ್ಲ, ಒಳಗೆ ಇಡೋಕೆ ಏನಾದ್ರೂ ತರೋಣ್ವಾ?" ಅಂದರು ಯಜಮಾನರು. ನಾನು ಕಿವಿಗೆ ಹಾಕ್ಕೊಳ್ಲಿಲ್ಲ.

ನಿಜಕ್ಕೂ ನಮ್ಮನೆಯಲ್ಲಿ ಕದಿಯುವಂಥದ್ದು ಒಂದಿದೆ. ನಮ್ಮತ್ತೆಯ ಚಿನ್ನದ ಅವಲಕ್ಕಿ ಸರ. ಮಾವನವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಚೀಟಿ ಕಟ್ಟಿ ಮಾಡಿಸಿಕೊಟ್ಟಿದ್ದು. ಅವರು ಹೋದ ಮೇಲೆ ಅತ್ತೆ ಅದನ್ನು ಹಾಕಿಕೊಂಡಿಲ್ಲ. ಆದರೆ ಪ್ರತಿ ವರ್ಷ ಮಾವನ ತಿಥಿ ದಿನ ಅದನ್ನು ಬೀರುವಿನಿಂದ ತೆಗೆದು, ಹಾಲಿನಲ್ಲಿರುವ ಮಾವನ ಫೋಟೋ ಮುಂದೆ ಇಡ್ತಾರೆ. ಸಂಜೆ ಮತ್ತೆ ಒಳಗೆ.

"ಅತ್ತೆ, ಈ ವರ್ಷ ಬೇಡ. ಕಾಲ ಸರಿಯಿಲ್ಲ" ಅಂದೆ.

"ಅವರ ದಿನ ಕಣೇ. ಒಂದು ಹೊತ್ತು ಅವರ ಕಣ್ಣಿಗೆ ಬೀಳ್ಲಿ ಬಿಡು" ಅಂದರು. ಅದಕ್ಕೆ ಏನು ಹೇಳ್ತೀರಿ?

ಕಳೆದ ವಾರ ಬಂದಿದ್ದು ಅದೇ ತಿಥಿ.

ತಿಥಿ ದಿನ ಬಾಗಿಲಿಗೆ ರಂಗೋಲಿ ಹಾಕೋ ಹಾಗಿಲ್ಲ. ಹಾಕಲಿಲ್ಲ. ಎದುರುಮನೆ ಶಾಂತಕ್ಕನಿಗೆ ಹಿಂದಿನ ದಿನವೇ ಹೋಗಿ ಹೇಳಿ ಬಂದಿದ್ದೆ. ಗದಗಿನ ಕಡೆಯವರು, ಆರು ತಿಂಗಳಿಂದ ಬಾಡಿಗೆಗಿದ್ದಾರೆ. ರಂಗೋಲಿ ಕಾನೂನನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುವವರು ಅವರೊಬ್ಬರೇ. ನಮ್ಮ ಬಾಗಿಲು ಬೋಳಾಗಿರೋದು ನೋಡಿದರೆ ಓಡಿ ಬಂದು ಎಳೆದುಬಿಡ್ತಾರಲ್ಲ ಅಂತ ನನ್ನ ಭಯ.

ಇನ್ನು ಪೇಪರ್. ಬೆಳಗ್ಗೆ ಹಾಲಿಗೆ ಅಂತ ಗೇಟು ತೆಗೆದವಳು, ಸ್ನಾನ ಮಾಡಿ ಮಡಿ ಸೀರೆ ಉಟ್ಟೆ. ಮಡಿಯಲ್ಲಿದ್ದವಳು ಪೇಪರ್ ಮುಟ್ಟೋದು ಹೇಗೆ? ಗೇಟಿಗೆ ಮತ್ತೆ ಬೀಗ ಒತ್ತೋದು ಹೇಗೆ? ಮುಂಬಾಗಿಲನ್ನೂ ಸುಮ್ಮನೆ ಮುಂದಕ್ಕೆ ಹಾಕಿದ್ದಷ್ಟೇ. ಬಂದ ಪುರೋಹಿತರು, ನೆಂಟರು ಎಲ್ಲ ಪಕ್ಕದ ಸಂದಿಯಿಂದ ಹಿತ್ತಿಲಿಗೆ ಹೋಗಿ, ಅಲ್ಲೇ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬಂದರು. ಮುಂದೆ ಒಂದು ಜೊತೆ ಚಪ್ಪಲಿಯೂ ಇಲ್ಲ.

ಮಧ್ಯಾಹ್ನ ಹಿಂದಿನ ಊಟದ ಮನೆಯಲ್ಲಿ ಪುರೋಹಿತರು ಊಟಕ್ಕೆ ಕೂತರು. ಆ ಊಟ ಮೌನದ ಊಟ. ನಾವೂ ಸೊಲ್ಲೆತ್ತಲ್ಲ. ಎಳ್ಳುಂಡೆ ಕಡಿಯೋ ಸದ್ದು ಬಿಟ್ಟರೆ ಮನೆಯಲ್ಲಿ ಸದ್ದೇ ಇಲ್ಲ.

ಆಗ ಬೆಲ್ ಆಯ್ತು.

ಯಾರೂ ಅಲ್ಲಾಡಲಿಲ್ಲ. ಮೈಲಿಗೆ ಬೆಲ್ಲಿಗೆ ಮಡಿಯವರು ಏಳ್ತಾರಾ? ಮತ್ತೆ ಆಯ್ತು. ನಾನು ಯಜಮಾನರ ಮುಖ ನೋಡಿದೆ. ಅವರು ಅತ್ತೆ ಮುಖ ನೋಡಿದರು. ಅತ್ತೆ ಕಣ್ಣಲ್ಲೇ 'ಸುಮ್ನಿರಿ' ಅಂದರು. ಸ್ವಲ್ಪ ಹೊತ್ತಾದ ಮೇಲೆ ಫೋನು ಹೊಡ್ಕೊಳ್ಳೋಕೆ ಶುರುವಾಯ್ತು. ನಿಲ್ತು. ಮತ್ತೆ ಹೊಡ್ಕೊಳ್ತು. ನನ್ನ ಕೈ ಕಡೀತಾ ಇತ್ತು, ಆದರೂ ಅಲ್ಲಾಡಲಿಲ್ಲ.

ಆ ಫೋನು ಶಾಂತಕ್ಕನದು. ಅದು ನಮಗೆ ಆಮೇಲೆ ಗೊತ್ತಾಗಿದ್ದು.

ಅವರು ತಮ್ಮ ಕಿಟಕಿಯಿಂದ ನೋಡ್ತಾ ಇದ್ದರು. (ಕಿಟಕಿಯಲ್ಲಿ ನಿಲ್ಲೋ ಎದುರುಮನೆಯವರನ್ನು ನಾನು ಈ ಅಂಕಣದಲ್ಲೇ ಹಿಂದೊಮ್ಮೆ ಗೇಲಿ ಮಾಡಿದ್ದೆ. ಆ ಮಾತು ವಾಪಸ್.) ಬ್ಯಾಗ್ ಹಿಡಿದ ಒಬ್ಬ ಬಂದ. ಬೆಲ್ ಮಾಡಿದ. ಆಚೆ ಈಚೆ ನೋಡಿದ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟ. ಅಲ್ಲೀವರೆಗೂ ಯಾರೋ ನೆಂಟರು ತಡವಾಗಿ ಬಂದರು ಅಂದ್ಕೊಂಡ ಶಾಂತಕ್ಕ, ಅವನ ಕಾಲು ನೋಡಿದರು.

ಚಪ್ಪಲಿ ಹಾಕ್ಕೊಂಡೇ ಒಳಗೆ ಹೋಗಿದ್ದ!

ತಿಥಿ ಮನೆಗೆ ಚಪ್ಪಲಿ ಕಾಲಲ್ಲಿ ಹೋಗೋ ನೆಂಟ ಯಾರಿದ್ದಾನೆ? ಶಾಂತಕ್ಕ ತಕ್ಷಣ ಫೋನ್ ಮಾಡಿದರು. ನಾವು ಎತ್ತಲಿಲ್ಲ. ಸರಿ, ಬೀದಿ ದಾಟಿ ಓಡಿ ಬಂದು, ನನ್ನ ಕೊಲ್ಯಾಪ್ಸಿಬಲ್ ಗೇಟನ್ನು ಜರ್ ಅಂತ ಎಳೆದು, ಬೀಗ ಟಕ್ ಅನ್ನಿಸಿದರು. ಆಮೇಲೆ ಅವರ ಕಂಠ ಏರಿತು ನೋಡಿ!

"ಯಕ್ಕಾ, ಒಳಗ ಕಳ್ಳ ಹೊಕ್ಕಾನ್ರೀ! ನಾ ಕೀಲಿ ಹಾಕೇನಿ, ಅಂವ ಎಲ್ಲೂ ಹೋಗಂಗಿಲ್ಲ, ಬಿಡಬ್ಯಾಡ್ರೀ!"

ರಸ್ತೆಗೆ ರಸ್ತೆಯೇ ಎದ್ದಿತು. ಮುಂದಿನ ದಾರಿ ಮುಚ್ಚಿದ್ದು ನೋಡಿದ ಕಳ್ಳ ಹಿಂದಕ್ಕೆ ಓಡಿ ಬಂದ. ನಡುಮನೆ ಬಾಗಿಲು ದಬ್ಬಿದ. ಎದುರಿಗೆ ಸಾಲಾಗಿ ಬಾಳೆಲೆ, ಹದಿನಾಲ್ಕು ಜನ! ಪಾಪ, ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅವನ ಮುಷ್ಟಿಯಿಂದ ಅವಲಕ್ಕಿ ಸರ ನೇತಾಡ್ತಾ ಇತ್ತು.

ಪುಣ್ಯಕ್ಕೆ ಪುರೋಹಿತರ ಊಟ ಆಗಷ್ಟೇ ಮುಗಿದಿತ್ತು. ಹಿರಿಯ ಪುರೋಹಿತರು ಎರಡೂ ಕೈ ಎತ್ತಿ ಕೂಗಿದರು: "ಮುಟ್ಟಬೇಡಿ! ಯಾರೂ ಮುಟ್ಟಬೇಡಿ!"

ಎಲ್ಲರೂ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಯಜಮಾನರು ಒಂದು ಹೆಜ್ಜೆ ಮುಂದಿಟ್ಟು ತಮ್ಮ ಮಡಿ ಪಂಚೆ ನೋಡಿಕೊಂಡು ನಿಂತರು. ಕಳ್ಳನಿಗೇ ನಂಬಿಕೆ ಬರಲಿಲ್ಲ. ಇಂಥ ಮರ್ಯಾದಸ್ಥರನ್ನು ಅವನು ಯಾವತ್ತು ನೋಡಿದ್ದಾನೆ? ಮೆಲ್ಲಗೆ ಹಿತ್ತಿಲ ಬಾಗಿಲ ಕಡೆ ಹೆಜ್ಜೆ ಹಾಕಿದ. ಹೋಯ್ತು ಸರ ಅಂದ್ಕೊಂಡೆ.

ಆಗ ನಮ್ಮತ್ತೆ ಎದ್ದರು.

ತಿಥಿ ದಿನ ಸೊಸೆಯ ಸೆರಗು ಸೋಕಿದರೂ ಮತ್ತೆ ಸ್ನಾನಕ್ಕೆ ಹೋಗೋ ನಮ್ಮತ್ತೆ, ಸೀದಾ ಹೋಗಿ ಕಳ್ಳನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿ.

"ಅಮ್ಮಾ, ಮಡಿ!" ಅಂದರು ಪುರೋಹಿತರು.

"ಮಡಿ ಹೋದ್ರೆ ಇನ್ನೊಂದು ಚೊಂಬು ನೀರು ಹುಯ್ಕೋತೀನಿ, ಶಾಸ್ತ್ರಿಗಳೇ. ಇದು ಹೋದ್ರೆ ಅವರು ಬಂದು ಮಾಡಿಸಿಕೊಡ್ತಾರಾ?"

ಅತ್ತೆ ಅವನ ಕಡೆ ತಿರುಗಿ, "ಬಿಡೋ" ಅಂದರು. ಬಿಟ್ಟ. ಅದು ಜೋರು ಮಾಡಿದ ದನಿ ಕೂಡ ಅಲ್ಲ. ಅಷ್ಟು ಹೊತ್ತಿಗೆ ಹಿತ್ತಿಲಲ್ಲಿ ಅರ್ಧ ರಸ್ತೆ ಸೇರಿತ್ತು, ಎಲ್ಲರಿಗಿಂತ ಮುಂದೆ ಶಾಂತಕ್ಕ. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಬಂದ ಸಬ್ ಇನ್ಸ್‌ಪೆಕ್ಟರು, ಅದೇ ಬೋಂಡಾ ತಿಂದವರು, "ಯಾಕೋ, ಇಷ್ಟು ಜನ ಇರೋ ಮನೇನೇ ಬೇಕಿತ್ತಾ?" ಅಂತ ಗದರಿದರು.

"ಸಾರ್, ರಂಗೋಲಿ ಇರ್ಲಿಲ್ಲ. ಪೇಪರ್ ಬಿದ್ದಿತ್ತು. ಬೆಲ್ ಮಾಡ್ದೆ, ಬರ್ಲಿಲ್ಲ. ಒಳಗೆ ಬಂದ ಮೇಲೆ ಫೋನ್ ಬೇರೆ ಹೊಡ್ಕೊಳ್ತಾನೇ ಇತ್ತು, ಯಾರೂ ಎತ್ತಲಿಲ್ಲ. ಖಾಲಿ ಅಂತ ಗ್ಯಾರಂಟಿ ಆಯ್ತು ಸಾರ್" ಅಂದ.

ನೋಡಿ, ಒಂದಾದರೂ ತಪ್ಪು ಹೇಳಿದನಾ? ನಾನು ರಸ್ತೆಗೆಲ್ಲ ಕಲಿಸಿದ ಪಾಠ ನಮ್ಮನೆ ವಿಷಯದಲ್ಲಿ ಅಕ್ಷರಶಃ ನಿಜವಾಗಿತ್ತು. ಸಬ್ ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು. ನಾನು ಸೂರು ನೋಡಿದೆ. ಯಜಮಾನರು ಮಾತ್ರ ಹೊಟ್ಟೆ ಹಿಡ್ಕೊಂಡು ನಕ್ಕರು. ತಿಥಿ ದಿನ ನಗಬಾರದು ಅಂತ ಗದರಬೇಕಿದ್ದ ಅತ್ತೆಯೇ, ಒದ್ದೆ ತಲೆಯಲ್ಲಿ ಬಚ್ಚಲುಮನೆಯಿಂದ ಬರ್ತಾ, ನಗ್ತಾ ಇದ್ದರು. "ಅವರಿದ್ದಿದ್ರೂ ನಗೋರು" ಅಂದರು. ನಮಗೆಲ್ಲ ಆವತ್ತು ವಡೆ ಎಷ್ಟು ರುಚಿಯಾಗಿತ್ತು ಅಂತೀರಿ!

ಈಗ ನನ್ನ ತಕರಾರು ಕೇಳಿ. ಗೇಟು, ಬೀಗ, ಮ್ಯಾಜಿಕ್ ಐ ಎಲ್ಲ ಬೇಕು, ಹಾಕಿಸಿ. ಆದರೆ ಅವು ಯಾವುವೂ ಚಪ್ಪಲಿ ಗಮನಿಸಲಿಲ್ಲ ಸ್ವಾಮಿ. ನಮ್ಮನೆಯಲ್ಲಿ ಅವತ್ತು ತಿಥಿ ಅಂತ ಗೊತ್ತಿದ್ದ ಒಬ್ಬ ಹೆಂಗಸು ಗಮನಿಸಿದಳು. ಮೊನ್ನೆ ಜೆ.ಪಿ. ನಗರದಲ್ಲಿ ನನ್ನ ತಂಗಿಯ ಹೊಸ ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಕೆಳಗೆ ವಾಚ್‌ಮನ್, ಬಾಗಿಲಿಗೆ ಮೂರು ಥರದ ಬೀಗ. "ಎದುರಿಗೆ ಯಾರೇ ಇರೋದು?" ಅಂದೆ. "ಯಾರೋ ಇದ್ದಾರಪ್ಪ, ಬಿಳಿ ಕಾರಿನವರು" ಅಂದಳು. ನನಗೆ ನಿಜವಾಗಿ ಭಯವಾಗಿದ್ದು ಆಗ.

ತಿಥಿಯ ಮಾರನೇ ದಿನ ಅತ್ತೆ ಮನೆಯ ಇನ್ನೊಂದು ಕೀ ಮಾಡಿಸಿ, ತಾವೇ ಎದುರುಮನೆಗೆ ಹೋಗಿ ಶಾಂತಕ್ಕನ ಕೈಗೆ ಕೊಟ್ಟು ಬಂದರು. ನನಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಸಿಕ್ಕಿದ ಮರ್ಯಾದೆ, ಅವರಿಗೆ ಆರೇ ತಿಂಗಳಿಗೆ!

ಹೊಟ್ಟೆಕಿಚ್ಚು ಆಯ್ತಾ ಅಂತೀರಾ? ಅದಿರಲಿ, ನಿಮ್ಮ ಎದುರುಮನೆಯವರ ಹೆಸರೇನು ಹೇಳಿ?